ಡೇಕೇರ್ ಚೆನ್ನಾಗಿದೆಯೋ ಇಲ್ಲವೋ ಅಂತ ನೀವೆಲ್ಲ ಹೇಗೆ ತಿಳಿದುಕೊಂಡಿರಿ?

ಬಟವಾಡಿ_ಅಮ್ಮ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆದಿದ್ದೇನೆ, ಬೇಜಾರು ಮಾಡಿಕೊಳ್ಳದೆ ಓದಿ.

ಮಗಳಿಗೆ ಈಗ ಒಂದು ವರ್ಷ ಏಳು ತಿಂಗಳು. ಇಲ್ಲಿಯವರೆಗೆ ಅತ್ತೆ ನೋಡಿಕೊಳ್ಳುತ್ತಿದ್ದರು. ಅವರಿಗೆ ಮಂಡಿನೋವು, ಇವಳಿಗೆ ಕಾಲು ಬಂದಿದೆ. ಹೋದ ತಿಂಗಳು ಗೇಟಿನ ಸಂದಿಯಲ್ಲಿ ನುಸುಳಿ ರಸ್ತೆಗೇ ಹೋಗಿಬಿಟ್ಟಿದ್ದಳು. ಅತ್ತೆಗೆ ಹಿಂದೆ ಓಡಲು ಆಗದೆ ಮೆಟ್ಟಿಲ ಮೇಲೇ ಕೂತು ಕೂಗಿಕೊಂಡರಂತೆ. ಎಳನೀರು ಮಾರುವವರು ಎತ್ತಿಕೊಂಡು ಬಂದು ಕೊಟ್ಟರು. ಅವತ್ತು ರಾತ್ರಿ ಅತ್ತೆಯೇ ಹೇಳಿದರು, "ನನ್ ಕೈಲಿ ಆಗಲ್ಲ ಕಣಮ್ಮ, ಏನಾದ್ರೂ ಆದ್ರೆ ನಾನು ಹೆಂಗೆ ಬದುಕ್ಲಿ" ಅಂತ.

ನಮ್ಮವರು ಬೆಳಿಗ್ಗೆ ಟ್ರೇನಿನಲ್ಲಿ ಯಶವಂತಪುರಕ್ಕೆ ಹೋದರೆ ವಾಪಸ್ ಬರುವುದು ರಾತ್ರಿ ಎಂಟಕ್ಕೆ. ನನ್ನ ಕೆಲಸ ಅಂತರಸನಹಳ್ಳಿ ಕಡೆ, ಅಕೌಂಟ್ಸ್, ಒಂಬತ್ತೂವರೆಯಿಂದ ಐದೂವರೆ. ಕೆಲಸ ಬಿಡುವ ಹಾಗಿಲ್ಲ, ಮನೆ ಸಾಲ ಇದೆ.

ಎರಡು ಕಡೆ ನೋಡಿಕೊಂಡು ಬಂದಿದ್ದೇವೆ. ಮೊದಲನೆಯದು ದೊಡ್ಡ ರಸ್ತೆಯಲ್ಲಿದೆ. ಗೋಡೆ ತುಂಬ ಆನೆ, ಜಿರಾಫೆ. ಎಸಿ ಇದೆ. ಎಂಟು ಕ್ಯಾಮೆರಾ, ನಮ್ಮ ಫೋನಿನಲ್ಲೇ ಲೈವ್ ನೋಡಬಹುದು. ದಿನಾ ಗ್ರೂಪಿಗೆ ಫೋಟೋ ಹಾಕುತ್ತಾರೆ. ತಿಂಗಳಿಗೆ 8,500. ಎರಡನೆಯದು ಒಳಗಿನ ಕ್ರಾಸಿನಲ್ಲಿ ಒಂದು ಹಳೇ ಮನೆ. ಕೆಂಪು ನೆಲ, ಮುಂದೆ ಒಂದು ಸೀಬೆ ಮರ, ಬೋರ್ಡು ಕೂಡ ಸರಿಯಾಗಿ ಕಾಣುವುದಿಲ್ಲ. ಒಂಬತ್ತು ಮಕ್ಕಳು, ನೋಡಿಕೊಳ್ಳುವವರು ಇಬ್ಬರು ಹೆಂಗಸರು. 4,500. ಕ್ಯಾಮೆರಾ ಇಲ್ಲ. ಕೇಳಿದರೆ "ಯಾವಾಗ ಬೇಕಾದ್ರೂ ಬಂದು ನೋಡಿ" ಅಂದರು, ಅಷ್ಟೇ.

ನಮ್ಮವರಿಗೆ ಕ್ಯಾಮೆರಾ ಇರುವುದೇ ಸರಿ ಅನಿಸಿದೆ. ನನಗೆ ಯಾವುದೂ ಅರ್ಥವಾಗುತ್ತಿಲ್ಲ. ಎರಡೂ ಕಡೆ ಹದಿನೈದು ನಿಮಿಷ ಇದ್ದೆವು, ಎರಡೂ ಕಡೆ ನಗುತ್ತಾ ಮಾತಾಡಿಸಿದರು. ಸೀರೆ ತಗೊಳ್ಳೋಕೆ ಹೋದರೂ ಅಂಚು ತಿರುಗಿಸಿ ಬಟ್ಟೆ ಮುಟ್ಟಿ ನೋಡುತ್ತೇವೆ ಅಲ್ವಾ. ಇಲ್ಲಿ ಏನನ್ನು ಮುಟ್ಟಿ ನೋಡಬೇಕು? ಮಗಳಿಗೆ ಇನ್ನೂ ನಾಲ್ಕೈದು ಮಾತು ಬಿಟ್ಟರೆ ಬರುವುದಿಲ್ಲ. ಏನಾದರೂ ಆದರೆ ಬಂದು ಹೇಳುವ ವಯಸ್ಸಲ್ಲ. ಅದೇ ಭಯ. ತುಮಕೂರಿನಲ್ಲಿ ಮಕ್ಕಳನ್ನು ಬಿಟ್ಟಿರುವವರು ದಯವಿಟ್ಟು ಹೇಳಿ.

---

ಎರಡು_ಮಕ್ಕಳ_ತಾಯಿ

ಅಕ್ಕ, ನಾನು ಎಸ್.ಎಸ್. ಪುರಂ. ಎರಡು ಮಕ್ಕಳನ್ನೂ ಬೇಬಿ ಸಿಟ್ಟಿಂಗ್‌ನಲ್ಲೇ ಬೆಳೆಸಿದ್ದು, ಮೂರು ಕಡೆ ಬದಲಾಯಿಸಿದ್ದೇನೆ. ಹಾಗಾಗಿ ಸ್ವಲ್ಪ ಬಾಯಿ ಜಾಸ್ತಿ.

ನೀವು ಹೋಗಿದ್ದು ಬೆಳಿಗ್ಗೆ ಹನ್ನೊಂದಕ್ಕೆ, ಫೋನ್ ಮಾಡಿ ಹೇಳಿ ಹೋಗಿದ್ದೀರಿ, ಸರೀನಾ? ಆ ಹೊತ್ತಿನಲ್ಲಿ ಎಲ್ಲ ಡೇಕೇರೂ ಮದುವೆ ಮನೆ ಥರಾನೇ ಇರುತ್ತದೆ. ಮಕ್ಕಳು ಸ್ನಾನ ಮಾಡಿ ಬಂದಿರುತ್ತಾರೆ, ಹೊಟ್ಟೆ ತುಂಬಿರುತ್ತದೆ, ಓನರ್ ಮೇಡಂ ಬಾಗಿಲಲ್ಲೇ ಇರುತ್ತಾರೆ. ಹೋಗಬೇಕಾದ್ದು ಮೂರೂ ಮುಕ್ಕಾಲಿಗೆ, ಹೇಳದೆ. ಮಕ್ಕಳು ಆಗ ಒಬ್ಬೊಬ್ಬರೇ ನಿದ್ದೆಯಿಂದ ಏಳುತ್ತಿರುತ್ತಾರೆ. ಡೈಪರ್ ಒದ್ದೆ, ಹೊಟ್ಟೆ ಹಸಿವು, ಅಮ್ಮ ಬೇಕು ಅಂತ ಅಳು, ಆಯಾಗಳಿಗೂ ಬೆಳಿಗ್ಗೆಯಿಂದ ಸಾಕಾಗಿರುತ್ತದೆ. ಆ ಅರ್ಧ ಗಂಟೆ ನೋಡಿದರೆ ಸಾಕು, ಬೇರೆ ಏನೂ ಕೇಳಬೇಕಾಗಿಲ್ಲ.

ನನಗೆ ಇದು ತಿಳಿದದ್ದು ಕೈ ಸುಟ್ಟುಕೊಂಡ ಮೇಲೆ. ದೊಡ್ಡವನನ್ನು ಮೊದಲು ಬಿಟ್ಟಿದ್ದ ಕಡೆಯಿಂದ ದಿನಾ ಹನ್ನೊಂದಕ್ಕೆ ಸರಿಯಾಗಿ ಫೋಟೋ ಬರುತ್ತಿತ್ತು. ಬಣ್ಣದ ಚೆಂಡುಗಳ ಮಧ್ಯೆ ನಮ್ಮವನು ಕೂತಿರುತ್ತಿದ್ದ. ಆಫೀಸಿನಲ್ಲಿ ಎಲ್ಲರಿಗೂ ತೋರಿಸುತ್ತಿದ್ದೆ. ಎರಡು ತಿಂಗಳಾದ ಮೇಲೆ ಒಂದು ದಿನ ಎಲ್ಲಾ ಫೋಟೋ ಒಟ್ಟಿಗೆ ನೋಡುತ್ತಿದ್ದಾಗ ಗೊತ್ತಾಯಿತು, ದಿನಾ ಅದೇ ಮೂಲೆ, ಅದೇ ಚೆಂಡು, ಒಂದು ಫೋಟೋದಲ್ಲೂ ಅವನು ನಗುತ್ತಿಲ್ಲ. ಫೋಟೋಗೆ ಅಂತ ಒಬ್ಬೊಬ್ಬರನ್ನೇ ತಂದು ಕೂರಿಸಿ ಎತ್ತುತ್ತಿದ್ದರು. ಒಂದು ದಿನ ಆಫೀಸಿನಲ್ಲಿ ಕರೆಂಟ್ ಹೋಯಿತು ಅಂತ ಬೇಗ ಬಿಟ್ಟರು, ನಾನು ಸೀದಾ ಅಲ್ಲಿಗೇ ಹೋದೆ. ಹದಿನಾಲ್ಕು ಮಕ್ಕಳು ಟಿವಿ ಮುಂದೆ, ನೋಡಿಕೊಳ್ಳೋಕೆ ಒಂದು ಹುಡುಗಿ, ಅವಳೂ ಫೋನಿನಲ್ಲಿ. ನನ್ನ ಮಗ ಬೆಲ್ಟ್ ಹಾಕಿದ ಕುರ್ಚಿಯಲ್ಲಿ. ನನ್ನನ್ನು ನೋಡಿ ಅಳಲೂ ಇಲ್ಲ.

ಇನ್ನೊಂದು ಹೇಳುತ್ತೇನೆ, ನಗಬೇಡಿ. ಅನುಮಾನ ಬಂದ ಮೇಲೆ ಒಂದು ದಿನ ಬೆಳಿಗ್ಗೆ ಡೈಪರಿನ ಮೂಲೆಯಲ್ಲಿ ಪೆನ್ನಿನಿಂದ ಸಣ್ಣ ಚುಕ್ಕಿ ಇಟ್ಟು ಕಳಿಸಿದೆ. ಸಂಜೆ ಅದೇ ಚುಕ್ಕಿ ಮನೆಗೆ ಬಂತು. ಬ್ಯಾಗಿನಲ್ಲಿ ಕೊಟ್ಟಿದ್ದ ಮೂರು ಡೈಪರ್ ಮಾತ್ರ ಖಾಲಿ. ಯಾವ ಮಗುವಿಗೆ ಹೋಯಿತೋ ದೇವರಿಗೇ ಗೊತ್ತು.

ಮಾರನೇ ದಿನದಿಂದ ಕಳಿಸಲಿಲ್ಲ. ಕಟ್ಟಿದ್ದ ಅಡ್ವಾನ್ಸ್ ವಾಪಸ್ ಬರಲಿಲ್ಲ, ಹೋಗಲಿ ಬಿಡಿ.

---

ಶಿಫ್ಟ್_ಅಪ್ಪ

ವಸಂತನರಸಾಪುರದಲ್ಲಿ ಕೆಲಸ, ಮೂರು ಶಿಫ್ಟ್. ಮಗನನ್ನು ಬಿಡೋದು ಕರ್ಕೊಂಡು ಬರೋದು ಜಾಸ್ತಿ ನಾನೇ. ಡೇಕೇರ್ ಬಾಗಿಲಲ್ಲಿ ನಿಲ್ಲುವ ಒಬ್ಬನೇ ಗಂಡಸು ಅಂತ ಆಯಾಗಳೆಲ್ಲ ನನ್ನನ್ನು ಗುರುತು ಹಿಡಿಯುತ್ತಾರೆ.

ಮೇಡಂ, ಮೊದಲು ಒಂದು ಪ್ರಶ್ನೆ. ನಿಮ್ಮ ಕಂಪನಿಯಲ್ಲಿ ಎಷ್ಟು ಜನ ಇದ್ದಾರೆ? 2017ರಲ್ಲಿ ಹೆರಿಗೆ ಸೌಲಭ್ಯದ ಕಾನೂನಿಗೆ ತಿದ್ದುಪಡಿ ಮಾಡಿದಾಗ ರಜೆಯನ್ನು 26 ವಾರಕ್ಕೆ ಏರಿಸಿದ್ದು ಎಲ್ಲರಿಗೂ ಗೊತ್ತು. ಅದರಲ್ಲೇ 50 ಅಥವಾ ಅದಕ್ಕಿಂತ ಜಾಸ್ತಿ ಜನ ಕೆಲಸ ಮಾಡುವ ಕಡೆ ಮಕ್ಕಳನ್ನು ನೋಡಿಕೊಳ್ಳುವ ವ್ಯವಸ್ಥೆ ಇರಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಮಗುವನ್ನು ನೋಡಿ ಬರಬಹುದು ಅಂತಲೂ ಇದೆ. 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಆ 50 ಹಾಗೇ ಉಳಿದಿದೆ. ಕಂಪನಿಯವರು ತಾವಾಗಿ ಹೇಳುವುದಿಲ್ಲ, ಎಚ್‌ಆರ್‌ಗೆ ಮೇಲ್ ಹಾಕಿ ಕೇಳಿ.

ಇನ್ನು ಕ್ಯಾಮೆರಾ ವಿಷಯ. ನಾನೂ ಮೊದಲು ನಿಮ್ಮ ಯಜಮಾನರ ಥರಾನೇ ಇದ್ದೆ. ಒಂದು ವಾರ ಲೈವ್ ನೋಡಿದೆ, ಆಮೇಲೆ ಮೆಷಿನ್ ಮುಂದೆ ನಿಂತವನಿಗೆ ಎಲ್ಲಿ ಟೈಮ್? ಕ್ಯಾಮೆರಾ ಹಾಲ್ ತೋರಿಸುತ್ತದೆ. ಅಡುಗೆಮನೆ ಇಲ್ಲ, ಬಚ್ಚಲು ಇಲ್ಲ, ತುಂಬಾ ಕಡೆ ಮಲಗಿಸುವ ರೂಮೂ ಇರುವುದಿಲ್ಲ. ಧ್ವನಿ ಇಲ್ಲ. ಆಯಾ ಮಗುವಿನ ಹತ್ತಿರ ಬಗ್ಗಿ ಏನೋ ಹೇಳುತ್ತಿದ್ದಾಳೆ, ಮುದ್ದು ಮಾಡುತ್ತಿದ್ದಾಳೋ ಬೈಯುತ್ತಿದ್ದಾಳೋ ಹೇಗೆ ಗೊತ್ತಾಗಬೇಕು? ಮತ್ತೆ ನಿಮಗೆ ಕಾಣುವುದು ಉಳಿದ ಇಪ್ಪತ್ತು ಮನೆಯವರಿಗೂ ಕಾಣುತ್ತದೆ, ನಿಮ್ಮ ಮಗಳ ಬಟ್ಟೆ ಬದಲಾಯಿಸುವುದೂ ಸೇರಿ. ಇರಲಿ, ಬೇಡ ಅನ್ನುವುದಿಲ್ಲ. ಆದರೆ ಅದಕ್ಕೆ ಅಂತ ನಾಲ್ಕು ಸಾವಿರ ಜಾಸ್ತಿ ಕೊಡಬೇಡಿ.

ಎಷ್ಟು ಮಕ್ಕಳಿಗೆ ಒಬ್ಬರು ಅಂತ ಕೇಳಬೇಡಿ, ನೀವೇ ಎಣಿಸಿ. ಕೇಳಿದರೆ ಓನರ್, ಅಡುಗೆಯವರು, ವ್ಯಾನ್ ಡ್ರೈವರ್ ಎಲ್ಲರನ್ನೂ ಸೇರಿಸಿ ಲೆಕ್ಕ ಹೇಳುತ್ತಾರೆ. ಕೇಂದ್ರ ಸರ್ಕಾರದ 2018ರ ಮಾರ್ಗಸೂಚಿಯಲ್ಲಿ ಮೂರು ವರ್ಷದೊಳಗಿನ 10 ಮಕ್ಕಳಿಗೆ ಒಬ್ಬರು, ಅದಕ್ಕಿಂತ ದೊಡ್ಡವರಾದರೆ 20 ಮಕ್ಕಳಿಗೆ ಒಬ್ಬರು ಅಂತ ಇದೆ. ನನ್ನ ಕೇಳಿದರೆ ಅದೇ ಕಡಿಮೆ ಆಯಿತು. ಅಮೆರಿಕದಲ್ಲಿ ಡೇಕೇರ್‌ಗಳಿಗೆ ಮಾನ್ಯತೆ ಕೊಡುವ ಎನ್‌ಎಇವೈಸಿ ಅನ್ನುವ ಸಂಸ್ಥೆ ಕೈಗೂಸುಗಳಾದರೆ ನಾಲ್ಕಕ್ಕೆ ಒಬ್ಬರು ಇರಬೇಕು ಅನ್ನುತ್ತದೆ. ನಾನು ಲೆಕ್ಕ ಹಾಕುವುದು ಬೇರೆ ಥರ. ಗ್ಯಾಸ್ ಲೀಕ್ ಆಯಿತು ಅನ್ನಿ, ಒಬ್ಬರು ಎಷ್ಟು ಮಕ್ಕಳನ್ನು ಎತ್ತಿಕೊಂಡು ಓಡಬಹುದು? ಎರಡು ಕಂಕುಳು, ಎರಡೇ ಮಗು. ನಿಮ್ಮ ಎರಡನೇ ಮನೆಯಲ್ಲಿ ಒಂಬತ್ತಕ್ಕೆ ಇಬ್ಬರು ಅಂದರೆ ಪರವಾಗಿಲ್ಲ, ಆದರೆ ಅವರಲ್ಲಿ ಒಬ್ಬರು ಅಡುಗೆಗೆ ಹೋದರೆ ಒಂಬತ್ತಕ್ಕೆ ಒಬ್ಬರೇ ಆಗುತ್ತಾರೆ. ಅದನ್ನು ನೋಡಿ.

ಕೊನೇದು, ಗೋಡೆ ನೋಡಬೇಡಿ, ನೆಲ ನೋಡಿ. ನಾನು ನೋಡಿದ ಒಂದು ಕಡೆ ಅಂಗಳದ ನೀರಿನ ಸಂಪಿಗೆ ಮುಚ್ಚಳ ಇಲ್ಲ, ಮೇಲೆ ಒಂದು ಪ್ಲೈವುಡ್ ಹಲಗೆ, ಅದರ ಮೇಲೆ ಒಂದು ತುಳಸಿ ಪಾಟ್. ಅಷ್ಟೇ! ಪಾಟ್ ಯಾಕಿದೆ ಅಂದರೆ "ಹಲಗೆ ಹಾರ್ಬಾರ್ದಲ್ಲ ಸಾರ್" ಅಂದರು. ಅಲ್ಲಿಂದ ಚಪ್ಪಲಿ ಹಾಕಿಕೊಂಡವನು ತಿರುಗಿ ನೋಡಲಿಲ್ಲ. ಸಂಪು, ಬಚ್ಚಲಲ್ಲಿ ತುಂಬಿಟ್ಟ ಬಕೆಟ್, ಇನ್‌ವರ್ಟರ್ ಬ್ಯಾಟರಿ, ಗೇಟಿನ ಚಿಲಕ ಮಗುವಿನ ಕೈಗೆ ಎಟುಕುತ್ತದಾ ಇಲ್ಲವಾ. ನಿಮ್ಮ ಮಗಳಿಗೆ ಗೇಟು ದಾಟುವುದು ಬೇರೆ ಅಭ್ಯಾಸವಾಗಿದೆ.

---

ಹೇಮಾವತಿ_ನೀರು

ತಪ್ಪು ತಿಳಿಯಬೇಡಿ. ನಮ್ಮ ಕಾಲದಲ್ಲಿ ಮನೆ ತುಂಬ ಜನ, ಯಾವ ಮಗು ಯಾರ ಸೊಂಟದಲ್ಲಿ ಬೆಳೀತು ಅಂತಲೇ ಗೊತ್ತಾಗುತ್ತಿರಲಿಲ್ಲ. ಎರಡು ವರ್ಷ ತುಂಬದ ಕೂಸನ್ನು ದುಡ್ಡು ಕೊಟ್ಟು ಬೇರೆಯವರ ಹತ್ತಿರ ಬಿಡುವುದಾ? ನಿಮ್ಮ ತಾಯಿಯನ್ನಾದರೂ ಕರೆಸಿಕೊಳ್ಳಿ. ಮೂರು ವರ್ಷ ತುಂಬಿದ ಮೇಲೆ ಅಂಗನವಾಡಿ ಇದ್ದೇ ಇದೆ.

---

ಬಟವಾಡಿ_ಅಮ್ಮ

@ಹೇಮಾವತಿ_ನೀರು: ಅಮ್ಮ ಇಲ್ಲ ಸರ್, ತೀರಿಕೊಂಡು ಆರು ವರ್ಷ ಆಯಿತು. ಮನೆ ತುಂಬ ಜನ ಇದ್ದಿದ್ದರೆ ನಾನೂ ಇಲ್ಲಿ ಕೇಳುತ್ತಿರಲಿಲ್ಲ.

@ಶಿಫ್ಟ್_ಅಪ್ಪ: ಅಣ್ಣ, ನಮ್ಮಲ್ಲಿ ಎಲ್ಲ ಸೇರಿ 38 ಜನ. ಕಾನೂನು ನಮ್ಮ ಗೇಟಿನವರೆಗೆ ಬಂದು ವಾಪಸ್ ಹೋಯಿತು ಅನ್ನಿ. ಸಂಪಿನ ವಿಷಯ ಓದಿ ಎದೆ ಝಲ್ ಅಂತು. ಎರಡೂ ಕಡೆ ನಾನು ಅಂಗಳವನ್ನೇ ನೋಡಿಲ್ಲ.

---

ಹೇಮಾವತಿ_ನೀರು

ಗೊತ್ತಿರಲಿಲ್ಲ ಕಣಮ್ಮ, ಕ್ಷಮಿಸು. ಒಂದು ಮಾತು ಮಾತ್ರ. ಅಡುಗೆಗೆ, ಕುಡಿಯೋಕೆ ಯಾವ ನೀರು ಅಂತ ಕೇಳು. ನಮ್ಮ ಜಿಲ್ಲೆಯ ಬೋರ್ ನೀರಿನಲ್ಲಿ ಫ್ಲೋರೈಡ್ ಕಾಟ ಇದೆ, ನಮ್ಮ ಪಾವಗಡದ ಕಡೆಯಂತೂ ಜನರ ಹಲ್ಲು ನೋಡಿದರೇ ಗೊತ್ತಾಗುತ್ತದೆ. ಹಲ್ಲು ಬರುವ ವಯಸ್ಸಿನ ಮಗು.

---

ಶಿರಾಗೇಟ್_ಟೀಚರ್

ನಾನು ನರ್ಸರಿ ಟೀಚರ್, ಹನ್ನೆರಡು ವರ್ಷದಿಂದ. ಮೂರು ವರ್ಷಕ್ಕೆ ಡೇಕೇರ್‌ನಿಂದ ನಮ್ಮ ಹತ್ತಿರ ಬರುವ ಮಕ್ಕಳನ್ನು ನೋಡಿದರೆ ಎಲ್ಲಿಂದ ಬಂದವರು ಅಂತ ಒಂದು ವಾರದಲ್ಲಿ ಹೇಳಬಹುದು. ಕೆಲವು ಮಕ್ಕಳು ಬಿದ್ದರೆ ಸೀದಾ ಟೀಚರ್ ಹತ್ತಿರ ಓಡಿ ಬರುತ್ತಾರೆ. ಕೆಲವರು ಬಿದ್ದ ಕಡೆಯೇ ಸುಮ್ನೆ ಎದ್ದು ನಿಂತು ಸುತ್ತ ನೋಡುತ್ತಾರೆ. ಯಾರೂ ಬರುವುದಿಲ್ಲ ಅಂತ ಅವರಿಗೆ ಅಭ್ಯಾಸವಾಗಿರುತ್ತದೆ. ಎರಡನೇ ಥರದ ಮಗುವನ್ನು ಜನ "ತುಂಬಾ ಸಾಧು" ಅನ್ನುತ್ತಾರೆ. ನನಗೆ ಹೊಟ್ಟೆ ಉರಿಯುತ್ತದೆ.

ಡೇಕೇರ್‌ಗೆ ಹೋದರೆ ಮಗು ಹಾಳಾಗುತ್ತದಾ ಅನ್ನುವ ಪ್ರಶ್ನೆಗೆ ಅಮೆರಿಕದಲ್ಲಿ 1991ರಲ್ಲಿ ದೊಡ್ಡ ಅಧ್ಯಯನ ಶುರು ಮಾಡಿದ್ದರು. ಸಾವಿರದ ಮುನ್ನೂರಕ್ಕೂ ಹೆಚ್ಚು ಮಕ್ಕಳನ್ನು ಹುಟ್ಟಿದಾಗಿನಿಂದ ವರ್ಷಗಟ್ಟಲೆ ಹಿಂಬಾಲಿಸಿ ನೋಡಿದರು. ಮನೆಯಲ್ಲಿ ಅಪ್ಪ ಅಮ್ಮ ಹೇಗಿದ್ದಾರೆ ಅನ್ನುವುದರ ಪರಿಣಾಮವೇ ಜಾಸ್ತಿ ಅಂತ ಬಂತು. ಡೇಕೇರ್ ಚೆನ್ನಾಗಿದ್ದ ಕಡೆ ಮಕ್ಕಳ ಮಾತು, ಬುದ್ಧಿ ಸ್ವಲ್ಪ ಮುಂದಿತ್ತು. ಅವರು ಚೆನ್ನಾಗಿದೆ ಅಂತ ಅಳೆದದ್ದು ಕಟ್ಟಡವನ್ನಲ್ಲ. ದೊಡ್ಡವರು ಮಗುವಿನ ಜೊತೆ ಎಷ್ಟು ಮಾತಾಡುತ್ತಾರೆ, ಮಗು ಏನೋ ತೋರಿಸಿದರೆ ತಿರುಗಿ ನೋಡುತ್ತಾರಾ, ಇಂಥದ್ದನ್ನು.

ಹಾಗಾಗಿ ನೀವು ಮೂರೂ ಮುಕ್ಕಾಲಿಗೆ ಹೋದಾಗ ಕಣ್ಣಿನ ಜೊತೆ ಕಿವಿಯನ್ನೂ ತೆಗೆದುಕೊಂಡು ಹೋಗಿ. ಡೈಪರ್ ಬದಲಾಯಿಸುವಾಗ ಗಮನಿಸಿ. ಕೆಲವರು ಮೂಟೆ ಮಗುಚಿದ ಹಾಗೆ ಮಗುಚಿ, ಒರೆಸಿ, ಇಳಿಸಿಬಿಡುತ್ತಾರೆ, ಬಾಯಿಂದ ಒಂದು ಮಾತಿಲ್ಲ. ಇನ್ನು ಕೆಲವರು "ಕಾಲೆಲ್ಲಿ ಪುಟ್ಟಿ, ಈ ಕಾಲು ಕೊಡು, ಆ ಕಾಲು ಯಾರ್ದು" ಅಂತ ಮಾತಾಡುತ್ತಲೇ ಕೆಲಸ ಮುಗಿಸುತ್ತಾರೆ. ದಿನಕ್ಕೆ ನಾಲ್ಕೈದು ಸಲ ಅಂದರೆ ತಿಂಗಳಿಗೆ ನೂರು ಸಲ ಆ ಮಾತು ಮಗುವಿನ ಕಿವಿಗೆ ಬೀಳುತ್ತದೆ. ಇಂಗ್ಲಿಷ್ ರೈಮ್ಸ್ ಬರದಿದ್ದರೆ ಮುಳುಗಿಹೋಗುವುದಿಲ್ಲ, ನಮ್ಮ ಹತ್ತಿರ ಬಂದಾಗ ಅದನ್ನು ನಾವು ಕಲಿಸುತ್ತೇವೆ.

ಬೆಳಿಗ್ಗೆ ಬಿಡುವಾಗ ಅಳುವುದನ್ನು ನೋಡಿ ಹೆದರಬೇಡಿ. ಒಂದೂವರೆ ವರ್ಷದ ಆಸುಪಾಸಿನಲ್ಲಿ ಅಮ್ಮನನ್ನು ಬಿಡುವ ಭಯ ಜಾಸ್ತಿ, ಎಷ್ಟು ಒಳ್ಳೆಯ ಕಡೆ ಬಿಟ್ಟರೂ ಎರಡು ಮೂರು ವಾರ ಅಳುತ್ತಾರೆ. ನೀವು ಹೋದ ಮೇಲೆ ಎಷ್ಟು ಹೊತ್ತಿಗೆ ಸಮಾಧಾನ ಆಯಿತು, ಯಾರು ಎತ್ತಿಕೊಂಡರು ಅಂತ ಕೇಳಿ. "ಅಳಲೇ ಇಲ್ಲ ಮೇಡಂ, ತುಂಬಾ ಜಾಣೆ" ಅಂತ ಮೊದಲ ದಿನವೇ ಅಂದರೆ ನನಗೆ ಅನುಮಾನ. ತಿಂಗಳಾದ ಮೇಲೂ ಸಂಜೆ ಮನೆಗೆ ಬಂದವಳು ಮಂಪರಿನಲ್ಲೇ ಇರುತ್ತಾಳೆ, ಒಬ್ಬ ವ್ಯಕ್ತಿಯನ್ನು ಕಂಡರೆ ಮುದುಡಿಕೊಳ್ಳುತ್ತಾಳೆ, ಗಾಯ ಹೇಗಾಯಿತು ಅಂದರೆ ದಿನಕ್ಕೊಂದು ಕಥೆ, ಹೀಗಿದ್ದರೆ ಡಾಕ್ಟರಿಗೆ ತೋರಿಸಿ, ಕಳಿಸುವುದು ನಿಲ್ಲಿಸಿ. ಮಕ್ಕಳ ಸಹಾಯವಾಣಿ 1098 ಫೋನಿನಲ್ಲಿ ಸೇವ್ ಮಾಡಿಟ್ಟುಕೊಳ್ಳಿ, ಬಳಸುವ ಸಂದರ್ಭ ಬರದಿರಲಿ.

ಅಡುಗೆಮನೆಗೂ ಒಮ್ಮೆ ಇಣುಕಿ. ಇಡೀ ಕಡಲೆಕಾಯಿ ಬೀಜ, ಇಡೀ ದ್ರಾಕ್ಷಿ ಈ ವಯಸ್ಸಿನವರಿಗೆ ಕೊಡುತ್ತಾರಾ ಕೇಳಿ. ಕೊಡುತ್ತೇವೆ ಅಂದರೆ ಅವರಿಗೆ ತಿಳಿವಳಿಕೆ ಇಲ್ಲ ಅಂತ ಅರ್ಥ. ಗಂಟಲಿಗೆ ಸಿಕ್ಕಿಕೊಳ್ಳುವ ವಸ್ತು ಅದು.

---

ಕ್ಯಾತ್ಸಂದ್ರದವಳು

ನಾನು ನಾಲ್ಕು ವರ್ಷ ಬೇಬಿ ಸಿಟ್ಟಿಂಗ್‌ನಲ್ಲಿ ಆಯಾ ಆಗಿ ಕೆಲಸ ಮಾಡಿದ್ದೇನೆ. ಎಲ್ಲರೂ ಆಯಾ ಹೀಗೆ ಆಯಾ ಹಾಗೆ ಅಂತ ಬರೆದಿದ್ದೀರಿ, ನಮ್ಮ ಕಡೆಯ ಮಾತೂ ಸ್ವಲ್ಪ ಕೇಳಿ. ಫೋನಿನಲ್ಲಿ ಟೈಪ್ ಮಾಡುತ್ತಿದ್ದೇನೆ, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ನಾನಿದ್ದ ಕಡೆ ಫೀಸು ಒಂದು ಮಗುವಿಗೆ ಏಳು ಸಾವಿರ. ನನ್ನ ಸಂಬಳವೂ ಏಳು ಸಾವಿರ. ಹನ್ನೊಂದು ಮಕ್ಕಳು ನನ್ನ ಪಾಲಿಗೆ. ಬೆಳಿಗ್ಗೆ ಎಂಟಕ್ಕೆ ಹೋಗಿ ಗುಡಿಸಿ ಒರೆಸಬೇಕು, ಬಿಸಿನೀರು ಇಡಬೇಕು, ಆಮೇಲೆ ಮಕ್ಕಳು. ಮಧ್ಯಾಹ್ನ ಎಲ್ಲರಿಗೂ ತಿನ್ನಿಸಿ ಮಲಗಿಸುವ ಹೊತ್ತಿಗೆ ಎರಡು ಗಂಟೆ. ಮಲಗಿದಾಗ ಪಾತ್ರೆ, ಬಚ್ಚಲು, ಒದ್ದೆ ಬಟ್ಟೆ. ನನ್ನ ಡಬ್ಬಿ ಬಿಚ್ಚುವ ಹೊತ್ತಿಗೆ ಒಂದು ಮಗು ಏಳುತ್ತಿತ್ತು. ಎಷ್ಟೋ ದಿನ ಸಂಜೆ ಆರಕ್ಕೆ ಮನೆಗೆ ಹೋಗಿ ಮಧ್ಯಾಹ್ನದ ಮುದ್ದೆ ತಿಂದಿದ್ದೇನೆ. ಹಸಿದ ಹೊಟ್ಟೆಯಲ್ಲಿ ನಾಲ್ಕು ಗಂಟೆಗೆ ಹನ್ನೊಂದು ಮಕ್ಕಳು ಒಟ್ಟಿಗೆ ಅತ್ತರೆ ಎಷ್ಟು ಒಳ್ಳೆಯವಳಿಗೂ ಕೈ ಬಿರುಸಾಗುತ್ತದೆ. ನಾನು ಹೊಡೆದಿಲ್ಲ. ಆದರೆ ಬಿರುಸಾಗಿ ಎತ್ತಿ ಇಳಿಸಿದ್ದೇನೆ, ಸುಳ್ಳು ಯಾಕೆ ಹೇಳಲಿ.

ಅದಕ್ಕೇ ಹೇಳುತ್ತೇನೆ ಅಕ್ಕ, ನೀವು ಹೋದಾಗ ಓನರ್ ಹತ್ತಿರ ಜಾಸ್ತಿ ಮಾತಾಡಬೇಡಿ, ಆಯಾ ಹತ್ತಿರ ಮಾತಾಡಿ. "ಊಟ ಎಷ್ಟೊತ್ತಿಗೆ ಮಾಡ್ತೀರಾ" ಅಂತ ಒಂದೇ ಒಂದು ಮಾತು ಕೇಳಿ. ನಗುತ್ತಾ "ಎರಡೂವರೆಗೆ, ನಾನು ಉಣ್ಣೋವಾಗ ಅವಳು ನೋಡ್ಕೋತಾಳೆ" ಅಂದರೆ ಧೈರ್ಯವಾಗಿ ಬಿಡಿ. ಓನರ್ ಮುಖ ನೋಡಿ ಆಮೇಲೆ ಉತ್ತರ ಹೇಳಿದರೆ ನಿಮಗೇ ಅರ್ಥವಾಗುತ್ತದೆ.

ಎಷ್ಟು ವರ್ಷದಿಂದ ಇದ್ದೀರಾ ಅಂತಲೂ ಕೇಳಿ. ಮಗುವಿಗೆ ಬೇಕಾದ್ದು ಒಂದೇ ಮುಖ, ಒಂದೇ ಸೊಂಟ. ನಾನು ಕೆಲಸ ಬಿಟ್ಟ ಮೇಲೆ ಅಲ್ಲಿ ಆರು ತಿಂಗಳಿಗೆ ಮೂವರು ಬದಲಾದರು. ನನ್ನ ಹತ್ತಿರ ತಟ್ಟಿಸಿಕೊಂಡು ಮಲಗುತ್ತಿದ್ದ ಒಂದು ಮಗು, ನಾನು ಹೋದ ಮೇಲೆ ಒಂದು ವಾರ ಮಧ್ಯಾಹ್ನ ನಿದ್ದೆಯೇ ಮಾಡಲಿಲ್ಲವಂತೆ. ಅವರ ಅಮ್ಮ ಎಪಿಎಂಸಿ ಹತ್ತಿರ ಸಿಕ್ಕಾಗ ಹೇಳಿದರು. ಮನೆಗೆ ಬಂದು ಅತ್ತುಬಿಟ್ಟೆ.

ಇನ್ನು ನಿಮಗೆಲ್ಲ ಒಂದು ದೂರು. ರಾತ್ರಿಯೆಲ್ಲ ಜ್ವರ ಇದ್ದ ಮಗುವಿಗೆ ಬೆಳಿಗ್ಗೆ ಪ್ಯಾರಸಿಟಮಾಲ್ ಸಿರಪ್ ಹಾಕಿ, "ಸ್ವಲ್ಪ ಡಲ್ ಅಷ್ಟೇ" ಅಂತ ಬಿಟ್ಟು ಹೋಗುತ್ತೀರಿ. ಹನ್ನೊಂದು ಗಂಟೆಗೆ ಮದ್ದು ಇಳಿದು ಮೈ ಕೆಂಡ. ಫೋನ್ ಮಾಡಿದರೆ ಮೀಟಿಂಗ್. ಒಂದು ಸಲ ಹೀಗೇ ಬಂದ ಮಗುವಿಗೆ ಮಧ್ಯಾಹ್ನ ಅಂಗೈಯಲ್ಲಿ, ಅಂಗಾಲಿನಲ್ಲಿ ಕೆಂಪು ಗುಳ್ಳೆ, ಬಾಯಲ್ಲಿ ಹುಣ್ಣು. ಹ್ಯಾಂಡ್ ಫೂಟ್ ಮೌತ್ ಅಂತಾರಲ್ಲ ಅದು. ಹದಿನೈದು ದಿನದಲ್ಲಿ ಏಳು ಮಕ್ಕಳಿಗೆ ಬಂತು, ನನ್ನ ಮಗನಿಗೂ ಬಂತು. ಬೈಸಿಕೊಂಡಿದ್ದು ಯಾರು? ಆಯಾ ಕ್ಲೀನ್ ಇಲ್ಲ ಅಂತ ನಾನೇ. ಹುಷಾರಿಲ್ಲದ ಮಗುವನ್ನು ವಾಪಸ್ ಕಳಿಸುವ ಡೇಕೇರ್ ಕಂಡರೆ ಸಿಟ್ಟು ಮಾಡಿಕೊಳ್ಳಬೇಡಿ, ಅದು ಒಳ್ಳೆಯ ಡೇಕೇರ್. ಮೂಗು ಒರೆಸುವ ಬಟ್ಟೆ ಒಂದೊಂದು ಮಗುವಿಗೂ ಬೇರೆ ಇದೆಯಾ ಅಂತ ಮಾತ್ರ ನೋಡಿಕೊಳ್ಳಿ. ಒಂದೇ ಟವೆಲ್ ಎಲ್ಲ ಮೂಗಿಗೂ ಸುತ್ತುವುದನ್ನು ನಾನೇ ಕಣ್ಣಾರೆ ಕಂಡಿದ್ದೇನೆ.

---

ಗುಬ್ಬಿ_ಕಡೆಯವರು

ನಮ್ಮ ಕಡೆ ಪಂಚಾಯ್ತಿಯಲ್ಲಿ 'ಕೂಸಿನ ಮನೆ' ಮಾಡಿದ್ದಾರೆ, ನರೇಗಾ ಕೆಲಸಕ್ಕೆ ಹೋಗುವವರ ಮಕ್ಕಳಿಗೆ. ರಾಜ್ಯದಲ್ಲಿ 4,000 ಪಂಚಾಯ್ತಿಗಳಲ್ಲಿ ಮಾಡುತ್ತೇವೆ ಅಂತ ಸರ್ಕಾರ ಹೇಳಿದ್ದು. ಟೌನಿನವರಿಗೆ ಬರುವುದಿಲ್ಲ, ಸುಮ್ನೆ ಹೇಳಿದೆ. ಮೇಲಿನ ಅಕ್ಕ ಬರೆದದ್ದು ಓದಿ ನಮ್ಮಲ್ಲಿ ನೋಡಿಕೊಳ್ಳುವವರಿಗೆ ಊಟ ಆಯಿತಾ ಅಂತ ಇವತ್ತು ಕೇಳಿದೆ. ಆಗಿತ್ತು.

---

ಬಟವಾಡಿ_ಅಮ್ಮ

ನಿನ್ನೆ ಅರ್ಧ ದಿನ ರಜೆ ಹಾಕಿ ಎರಡೂ ಕಡೆ ಹೋಗಿ ಬಂದೆ, ಹೇಳದೆ.

ಮೊದಲು ದೊಡ್ಡ ರಸ್ತೆಯ ಕಡೆ, ಮೂರೂವರೆಗೆ. ರಿಸೆಪ್ಷನ್‌ನಲ್ಲಿ ಹತ್ತು ನಿಮಿಷ ಕೂರಿಸಿದರು. "ಒಳಗೆ ಬಿಡೋ ಹಾಗಿಲ್ಲ ಮೇಡಂ, ಬೇಕಾದ್ರೆ ಸ್ಕ್ರೀನ್‌ನಲ್ಲಿ ನೋಡಿ" ಅಂದರು. ಸ್ಕ್ರೀನ್‌ನಲ್ಲಿ ಮಕ್ಕಳು ಸಾಲಾಗಿ ಮಲಗಿದ್ದರು. ಎಲ್ಲರೂ. ಮೂರೂವರೆಗೆ ಒಂದು ಮಗುವೂ ಎದ್ದಿಲ್ಲ, ಹೊರಳೂ ಇಲ್ಲ. ಅದಕ್ಕೆ ಏನೋ ಕಾರಣ ಇರಬಹುದು, ನಾನು ಏನೂ ಹೇಳುವುದಿಲ್ಲ. ಆದರೆ ನನ್ನ ಮಗಳನ್ನು ಬಿಡುವ ಕಡೆ ನನ್ನನ್ನು ಒಳಗೆ ಬಿಡುವುದಿಲ್ಲ ಅಂದರೆ ಹೇಗೆ? ಅಂಗಳ ಕೂಡ ನೋಡಲಾಗಲಿಲ್ಲ.

ಆಮೇಲೆ ಕ್ರಾಸಿನ ಮನೆ. ಬಾಗಿಲು ತೆಗೆದವರ ಸೊಂಟದಲ್ಲಿ ಒಂದು ಮಗು, ಸೆರಗು ಹಿಡಿದುಕೊಂಡು ಇನ್ನೊಂದು. ಮನೆ ಏನೂ ನೀಟಾಗಿ ಇರಲಿಲ್ಲ. ಒಂದು ಮೂಲೆಯಲ್ಲಿ ಚೆಲ್ಲಿದ ಮಂಡಕ್ಕಿ, ಒಬ್ಬ ಹುಡುಗ ಒಂದೇ ಸಾಕ್ಸ್ ಹಾಕಿಕೊಂಡು ಓಡಾಡುತ್ತಿದ್ದ, ಇನ್ನೊಂದು ಸಾಕ್ಸ್ ನೀರಿನ ಲೋಟದಲ್ಲಿತ್ತು. ಒಂದು ಮಗು ಜೋರಾಗಿ ಅಳುತ್ತಿತ್ತು. ಇನ್ನೊಬ್ಬ ಆಯಾ ಅದನ್ನು ತೊಡೆ ಮೇಲೆ ಹಾಕಿಕೊಂಡು, ಬೆನ್ನು ತಟ್ಟುತ್ತಾ, "ಯಾರ್ ಹೊಡೆದ್ರು ನಮ್ ಬಂಗಾರಿನ, ಆ ಕಾಗೆ ಹೊಡೀತಾ" ಅಂತ ಏನೇನೋ ಹೇಳುತ್ತಿದ್ದರು. ಹಿಂದೆ ಗೋಡೆಯಲ್ಲಿ ಸಾಲಾಗಿ ಒಂಬತ್ತು ಮೊಳೆ, ಒಂಬತ್ತು ಚಿಕ್ಕ ಟವೆಲ್, ಒಂದೊಂದು ಮೊಳೆಯ ಮೇಲೂ ಆ ಮಗುವಿನ ಪಾಸ್‌ಪೋರ್ಟ್ ಸೈಜ್ ಫೋಟೋ. ಓದೋಕೆ ಬರುವುದಿಲ್ಲವಲ್ಲ ಅದಕ್ಕೆ ಅಂದರು. ನಾನು ಏನೂ ಕೇಳಿರಲೇ ಇಲ್ಲ!

ಸಂಪು ನೋಡಿದೆ. ಕಬ್ಬಿಣದ ಮುಚ್ಚಳ, ಬೀಗ. ಗೇಟಿನ ಚಿಲಕ ಮಾತ್ರ ಕೆಳಗಿತ್ತು, ನಮ್ಮವಳು ಓಡುತ್ತಾಳೆ ಅಂದೆ, ಮೇಲೆ ಇನ್ನೊಂದು ಹಾಕಿಸುತ್ತೇವೆ ಅಂದರು. ಕುಡಿಯೋಕೆ ಫಿಲ್ಟರ್ ನೀರು. ಅಡುಗೆಗೆ ಬೇರೆಯವರು ಇಲ್ಲ, ಇವರೇ ಸರದಿಯಲ್ಲಿ ಮಾಡುತ್ತಾರೆ, ಅದೊಂದು ಸ್ವಲ್ಪ ಯೋಚನೆ. ಹನ್ನೆರಡರಿಂದ ಒಂದರವರೆಗೆ ಒಬ್ಬರೇ ಇರುತ್ತಾರೆ ಅಂತಾಯಿತು. ಕೇಳಿದ್ದಕ್ಕೆ ಮುಚ್ಚಿಡದೆ ಹೌದು ಅಂದರು. ನಮ್ಮವಳಿಗೆ ರಾಗಿ ಸರಿ, ಮೊಸರನ್ನ ನಾನೇ ಕಟ್ಟಿ ಕಳಿಸುತ್ತೇನೆ ಅಂತ ಮಾತಾಗಿದೆ.

ಊಟದ ಪ್ರಶ್ನೆಯನ್ನೂ ಕೇಳಿದೆ. ಆಯಾ ನನ್ನನ್ನೇ ವಿಚಿತ್ರವಾಗಿ ನೋಡಿ, "ನಂದಾ? ಆಯ್ತಲ್ಲ, ಯಾಕಕ್ಕ, ನಿಮ್ದು ಆಗಿಲ್ವಾ?" ಅಂದು ಒಳಗಿಂದ ಒಂದು ತಟ್ಟೆ ಚಿತ್ರಾನ್ನ ತಂದುಕೊಟ್ಟರು. ಏಳು ವರ್ಷದಿಂದ ಅಲ್ಲೇ ಇದ್ದಾರಂತೆ.

ನಮ್ಮವರಿಗೆ ರಾತ್ರಿ ಎಲ್ಲಾ ಹೇಳಿದೆ. ಕ್ಯಾಮೆರಾ ಇಲ್ಲ ಅಂತ ಇನ್ನೂ ಗೊಣಗುತ್ತಿದ್ದಾರೆ. ಶನಿವಾರ ಅವರೇ ಮೂರೂ ಮುಕ್ಕಾಲಿಗೆ ಹೋಗಿ ನೋಡಿ ಬರಲಿ ಅಂತ ಒಪ್ಪಿಸಿದ್ದೇನೆ. ಅವರಿಗೂ ಸರಿ ಅನಿಸಿದರೆ ಸೋಮವಾರದಿಂದ ಶುರು. ಮೊದಲ ವಾರ ದಿನಕ್ಕೆ ಎರಡೇ ಗಂಟೆ, ಮೊದಲ ಎರಡು ದಿನ ಅತ್ತೆ ಜೊತೆಯಲ್ಲಿ ಕೂತಿರಬಹುದು ಅಂದಿದ್ದಾರೆ. ಬರುವಾಗ ನಿಮ್ಮದೊಂದು ಹಳೇ ಸೀರೆ ತಂದುಕೊಡಿ, ಮಲಗಿಸುವಾಗ ಹೊದಿಸುತ್ತೇವೆ ಅಂತಲೂ ಹೇಳಿದರು. ಒಂದು ಕಾಟನ್ ಸೀರೆ ತೆಗೆದು ಒಗೆಯೋಕೆ ನೆನೆಹಾಕಿದ್ದೇನೆ.

---

ಕ್ಯಾತ್ಸಂದ್ರದವಳು

ಅಯ್ಯೋ ಅಕ್ಕ, ಒಗೆಯಬೇಡಿ! ಅದನ್ನು ಬಿಟ್ಟುಬಿಡಿ, ಬೇರೆ ಒಂದು ತೆಗೆದುಕೊಳ್ಳಿ. ಭಾನುವಾರ ಇಡೀ ದಿನ ಉಟ್ಟುಕೊಂಡಿದ್ದು, ಸೋಮವಾರ ಹಾಗೇ ಮಡಚಿ ಕಳಿಸಿ.